ಒಂದು ದೊಡ್ಡ ಕಾರ್ಡು, ಎರಡು ಸಣ್ಣವು

ಪ್ರಯೋಗಾಲಯದಲ್ಲಿ ಯಂತ್ರ ಚಾಲೂ ಆದಾಗ ಮುರಿಗೆಪ್ಪನಿಗೆ ಮೊದಲು ಕಂಡದ್ದು ತನ್ನದೇ ಹೆಬ್ಬೆರಳಿನ ಉಗುರು. ಅದರ ಮೇಲಿನ ಗೀರುಗಳು, ಸಂದಿಯಲ್ಲಿ ಕೂತಿದ್ದ ನೂಲಿನ ಬಣ್ಣ, ಎಲ್ಲವೂ ಒಮ್ಮೆಲೇ ಕಂಡವು. ಆರು ವರ್ಷ ಕತ್ತಲೆಯಲ್ಲಿದ್ದ ಅರವತ್ತೆಂಟರ ಮುದುಕ ಆ ಉಗುರನ್ನು ನೋಡುತ್ತ ನೋಡುತ್ತ ಅತ್ತುಬಿಟ್ಟ. ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ ನೀಲವ್ವನಿಗೆ ಅಳು ಕೇಳಿಸಿತು, ಅವನು ಕಾಣಿಸಲಿಲ್ಲ. ಅವಳಿಗೆ ಯಂತ್ರ ಹಾಕಿರಲಿಲ್ಲ.

ಇಳಕಲ್ಲಿನ ಈ ಗಂಡಹೆಂಡಿರಿಗೆ ಒಂದೇ ವರ್ಷ ನರಬತ್ತು ರೋಗ ತಗಲಿತ್ತು. ಕಣ್ಣು ಮೊದಲಿನಂತೆಯೇ ಹೊಳೆಯುತ್ತಿರುತ್ತದೆ, ಅಲ್ಲಿಂದ ಮಿದುಳಿಗೆ ಹೋಗುವ ನರ ಮಾತ್ರ ಒಣಗಿ ಹೋಗುತ್ತದೆ. ಆ ಕಾಲಕ್ಕೆ ಇದಕ್ಕೆ ಮದ್ದು ಇರಲಿಲ್ಲ, ಆದರೆ ನೋಟಪೆಟ್ಟಿಗೆ ಬಂದಿತ್ತು. ಕನ್ನಡಕದಲ್ಲಿ ಅಡಗಿದ ಎರಡು ಕ್ಯಾಮೆರಾಗಳು ಕಂಡದ್ದನ್ನು ಮನೆಯ ಗೂಡಿನಲ್ಲಿ ಇಟ್ಟ ಪೆಟ್ಟಿಗೆಗೆ ಕಳಿಸುತ್ತವೆ. ಪೆಟ್ಟಿಗೆಯೊಳಗಿನ ಗ್ರಾಫಿಕ್ಸ್ ಕಾರ್ಡು ಆ ಚಿತ್ರವನ್ನು ಮಿದುಳಿಗೆ ತಿಳಿಯುವ ಭಾಷೆಗೆ ತಿರುಗಿಸಿ, ತಲೆಬುರುಡೆಯ ಹಿಂದೆ ಚರ್ಮದಡಿ ಕೂರಿಸಿದ ನರಪಟ್ಟಿಗೆ ಮುಟ್ಟಿಸುತ್ತದೆ. ಇಷ್ಟೆಲ್ಲ ನಡೆಯಲು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ.

ತೊಡಕು ಇದ್ದದ್ದು ಶಾಖದಲ್ಲಿ. ಮನೆಗೊಂದೇ ಪೆಟ್ಟಿಗೆ. ಅದು ತಡೆಯುವಷ್ಟು ಶಾಖದಲ್ಲಿ ಒಂದು ದೊಡ್ಡ ಕಾರ್ಡನ್ನು ಹಾಕಬಹುದು, ಇಲ್ಲವೇ ಎರಡು ಸಣ್ಣವನ್ನು. ಒಂದು ಕಾರ್ಡು ಒಂದೇ ತಲೆಯ ಭಾಷೆಯನ್ನು ಕಲಿಯಬಲ್ಲದು, ಹಾಗಾಗಿ ದೊಡ್ಡದನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ. ಯಂತ್ರ ಕೂರಿಸುವ ಹಿಂದಿನ ದಿನ ಪ್ರಯೋಗಾಲಯದ ವಿಜ್ಞಾನಿ ಡಾ. ಶೈಲಜಾ ಹುಣಸಿಕಟ್ಟಿ ಇದನ್ನೆಲ್ಲ ಸಾವಧಾನವಾಗಿ ಬಿಡಿಸಿ ಹೇಳಿದ್ದರು.

"ದೊಡ್ಡದು ಹಾಕಿದ್ರ ನಿಮ್ಮಲ್ಲಿ ಒಬ್ಬರಿಗೆ ಎಳಿ ಎಳಿ ಕಾಣತೈತ್ರಿ. ಸಣ್ಣವು ಹಾಕಿದ್ರ ಇಬ್ಬರಿಗೂ ಕಾಣತೈತಿ, ಆದ್ರ ಮಬ್ಬು ಮಬ್ಬು. ಬಾಗಿಲು ಯಾವುದು, ಗ್ವಾಡಿ ಯಾವುದು, ಮುಂದ ನಿಂತವರು ಯಾರು, ಅಷ್ಟ ತಿಳಿತೈತಿ."

"ಎರಡೂ ಸಣ್ಣವು ನನ್ನೊಬ್ಬಗ ಹಾಕಿದ್ರ ದೊಡ್ಡದರಷ್ಟು ಆಗೂದಿಲ್ಲೇನ್ರಿ ಬಾಯಾರ?" ಎಂದು ಮುರಿಗೆಪ್ಪ ಕೇಳಿದ್ದ.

"ಇಲ್ರಿ. ಒಂದ ಮಗ್ಗದಾಗ ಇಬ್ಬರು ಕುಂತು ಲಾಳಿ ಒಗದಂಗ ಆಗತೈತಿ. ಒಬ್ಬರನ್ನೊಬ್ಬರು ಕಾಯೂದರಾಗ ಹೊತ್ತು ಹೋಗತೈತಿ, ಚಿತ್ರ ಮುಗ್ಗರಿಸತೈತಿ. ಮ್ಯಾಲ, ಎರಡೂ ಕಾರ್ಡು ಪೂರ್ತಿ ಚಿತ್ರಾನ ಬ್ಯಾರೆ ಬ್ಯಾರೆ ನೆನಪಿಟ್ಟುಕೋಬೇಕು. ಅರ್ಧರ್ಧ ಹಂಚಿಕೊಳ್ಳಾಕ ಬರೂದಿಲ್ಲ."

ಆಗ ನೀಲವ್ವ ಯಾರೂ ಕೇಳದೆಯೇ ಬಾಯಿ ತೆರೆದಿದ್ದಳು. "ಎರಡು ಸಣ್ಣವ ಇರಲ್ರಿ. ನನಗ ಇವರ ಮಾರಿ ನೋಡಬೇಕನಸೈತಿ."

"ನನ್ನ ಮಾರಿ ಏನ್ ನೋಡ್ತಿ ಬಿಡ, ಹಳೇದ ಐತಿ," ಎಂದು ಮುರಿಗೆಪ್ಪ ನಕ್ಕಿದ್ದ. ಇಬ್ಬರನ್ನೂ ಕರೆತಂದಿದ್ದ ನೀಲವ್ವನ ತಮ್ಮ ಪಂಪಣ್ಣ ಮಾತ್ರ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.

ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಮನೆಯಲ್ಲಿ ಕಣ್ಣು ಬೇಕಾದ ಕಸುಬು ಯಾರದು? ಮುರಿಗೆಪ್ಪ "ನೇಕಾರ" ಎಂದ. ನೀಲವ್ವ "ನಂದೇನ್ರಿ, ಮನಿ ಕೆಲಸ" ಎಂದಳು. ಇಳಕಲ್ಲಿನ ರೂಢಿಯೇ ಹಾಗೆ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವನೇ ನೇಕಾರ. ನೂಲು ಸುತ್ತುವವಳು, ಸೀರೆಯ ಒಡಲಿನ ಹಾಸಿನ ಉದ್ದೆಳೆಗಳಿಗೆ ಸೆರಗಿನ ಹಾಸನ್ನು ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವವಳು, ಅವಳದು ಮನೆಗೆಲಸ. ಕೊಂಡಿ ಇಲ್ಲದಿದ್ದರೆ ಇಳಕಲ್ ಸೀರೆಯೇ ಇಲ್ಲ, ಆದರೂ ಆ ಕೆಲಸ ಮಾಡುವವಳಿಗೆ ಕಸುಬಿನ ಹೆಸರಿಲ್ಲ. ವಿಜ್ಞಾನಿ ಅರ್ಜಿಯಲ್ಲಿದ್ದದ್ದನ್ನು ನಂಬಿದರು. ದೊಡ್ಡ ಕಾರ್ಡು ಮುರಿಗೆಪ್ಪನ ಪಾಲಿಗೆ ಬಂತು.

ಊರಿಗೆ ಬಂದವನೇ ಮುರಿಗೆಪ್ಪ ಮಗ್ಗದ ಕೋಣೆಗೆ ನಡೆದ. ಕಣ್ಣು ಹೋದ ಮೇಲೂ ಅವನು ನೇಯುವುದನ್ನು ಬಿಟ್ಟಿರಲಿಲ್ಲ. ಐವತ್ತು ವರ್ಷದ ಕೈ, ಕತ್ತಲೆಯಲ್ಲೂ ದಾರಿ ಗೊತ್ತು ಎನ್ನುತ್ತಿದ್ದ. ಮುಗಿದ ಸೀರೆಗಳನ್ನು ಪಂಪಣ್ಣ ನೇಕಾರರ ಸೊಸೈಟಿಗೆ ಒಯ್ಯುತ್ತಿದ್ದ. ಬಂದು "ಚಲೋ ಅಂದ್ರು ಮಾವ" ಎನ್ನುತ್ತಿದ್ದ.

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು. ಅಂಚಿನ ದಡಿ ಹಾವಿನಂತೆ ಅಂಕುಡೊಂಕಾಗಿ ಹರಿದಿತ್ತು. ಅಡ್ಡಲಾಗಿ ಹೋಗುವ ಹೊಕ್ಕು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅಲ್ಲಲ್ಲಿ ಲಾಳಿ ಎಳೆಗಳನ್ನು ಹಾರಿಸಿ ಹೋಗಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಮುರಿಗೆಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಯಂತ್ರದ ತಪ್ಪಿರಬೇಕೆಂದು ಗೋಡೆಯ ಕ್ಯಾಲೆಂಡರ್ ನೋಡಿದ. ಅದರ ಸಣ್ಣ ಅಕ್ಷರವೂ ನೆಟ್ಟಗೆ ಕಂಡಿತು.

ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ಆರು ವರ್ಷದಲ್ಲಿ ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು.

"ಸೀರಿ ಹೆಂಗೈತ್ರಿ?" ಎಂದಳು. ಅವಳ ದನಿಯಲ್ಲಿ ಹೆದರಿಕೆ ಇದ್ದದ್ದನ್ನು ಅವನು ಆಗ ಗಮನಿಸಲಿಲ್ಲ.

"ಚಲೋ ಐತಿ," ಎಂದ ಮುರಿಗೆಪ್ಪ. ಯಾಕೆ ಹಾಗೆಂದನೋ ಅವನಿಗೂ ತಿಳಿಯಲಿಲ್ಲ.

ಕಣ್ಣು ಬಂತಲ್ಲ, ಇನ್ನು ಸರಿಯಾಗಿ ನೇಯುತ್ತೇನೆ ಎಂದುಕೊಂಡ. ಹತ್ತು ತಿಂಗಳು ಪಟ್ಟು ಹಿಡಿದು ಕೂತ. ಎಳೆ ಎಲ್ಲಿ ತಪ್ಪಿತೆಂದು ಕಣ್ಣು ತೋರಿಸುತ್ತಿತ್ತು, ತಿದ್ದಲು ಹೋದ ಬೆರಳು ನಡುಗಿ ಪಕ್ಕದ ಎಳೆಯನ್ನೂ ಕೆಡಿಸುತ್ತಿತ್ತು. ಪ್ರಯೋಗಾಲಯದವರು ಅವನ ಮಿದುಳನ್ನು ಅಳೆದಿದ್ದರು, ಕೈಯನ್ನು ಯಾರೂ ಅಳೆದಿರಲಿಲ್ಲ.

ಒಂದು ದಿನ, ತನ್ನ ಒಳ್ಳೆಯ ಕಾಲದ ಸೀರೆಯೊಂದನ್ನು ನೋಡಬೇಕೆನಿಸಿ ಅವನು ಅಟ್ಟ ಹತ್ತಿ ಹಳೆಯ ಟ್ರಂಕು ತೆರೆದ. ಅದರ ತುಂಬ ಸೀರೆಗಳಿದ್ದವು. ಸೊಸೈಟಿಗೆ ಹೋದವೆಂದು ಅವನು ನಂಬಿದ್ದ ಸೀರೆಗಳೆಲ್ಲ ಮಡಿಕೆ ಕೆಡದೆ ಅಲ್ಲೇ ಕೂತಿದ್ದವು. ತಳದ ಸೀರೆಗಳನ್ನು ಬಿಚ್ಚಿದರೆ, ತಪ್ಪಿದ ಒಂದೊಂದು ಜಾಗದಲ್ಲೂ ಕೆಂಪು ದಾರದ ಪುಟ್ಟ ಗಂಟು ಕಟ್ಟಿತ್ತು. ನೇಕಾರರ ಮನೆಯಲ್ಲಿ ಹೆಂಗಸರು ಹೀಗೇ ಮಾಡುತ್ತಾರೆ, ಆಮೇಲೆ ತಿದ್ದಲು ಗುರುತಿರಲಿ ಎಂದು. ಕುರುಡಿ ನೀಲವ್ವನ ಬೆರಳು ಒಂದು ತಪ್ಪನ್ನೂ ಬಿಟ್ಟಿರಲಿಲ್ಲ. ಮೊದಲ ಸೀರೆಗಳಲ್ಲಿ ಗಂಟು ನಾಲ್ಕೈದು. ಆಮೇಲಿನವುಗಳಲ್ಲಿ ಜಾಸ್ತಿ, ಮತ್ತೂ ಜಾಸ್ತಿ. ತೀರ ಮೇಲಿದ್ದ, ಇತ್ತೀಚಿನ ಸೀರೆಗಳಲ್ಲಿ ಗಂಟು ಒಂದೂ ಇಲ್ಲ. ಕಟ್ಟಿ ಕಟ್ಟಿ ಸಾಕಾಗಿ ಬಿಟ್ಟಿದ್ದಳು.

ಪಂಪಣ್ಣನನ್ನು ಹಿಡಿದು ಕೇಳಿದಾಗ ಅವನು ತಲೆ ತಗ್ಗಿಸಿದ. "ಅಕ್ಕ ಹೇಳಿದ್ಲು ಮಾವ. ಸೀರಿ ಅಟ್ಟದಾಗ ಇಟ್ಟು, ಸೊಸೈಟಿ ರೊಕ್ಕ ಅಂತ ನಂದ ಕೊಡತಿದ್ದೆ. ಮಗ್ಗದಿಂದ ಎಬ್ಬಿಸಿದ್ರ ನೀವು ಹಾಸಿಗಿ ಹಿಡಿತೀರಂತ. ಒಂದ ಮಾತು ಆಡಿದ್ರ ನನ್ನ ಹೆಣ ನೋಡ್ತಿ ಅಂದ್ಲು."

ಅವಳು ಸಣ್ಣ ಕಾರ್ಡುಗಳನ್ನು ಯಾಕೆ ಕೇಳಿದ್ದಳೆಂದು ಮುರಿಗೆಪ್ಪನಿಗೆ ಅಂದು ತಿಳಿಯಿತು. ತನಗೆ ಅವನ ಮುಖ ಕಾಣಲಿ ಎಂದದ್ದು ನಿಜವೇ. ಅದಕ್ಕಿಂತ ಹೆಚ್ಚಾಗಿ, ಅವನಿಗೆ ಸೀರೆ ಕಾಣದಿರಲಿ ಎಂದಿದ್ದಳು. ಅವಳ ಮಾತನ್ನು ನಕ್ಕು ತಳ್ಳಿಹಾಕಿದ್ದು ನೆನಪಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುವಾರ ಅವನು ಪ್ರಯೋಗಾಲಯಕ್ಕೆ ಹೋಗಿ ಕನ್ನಡಕವನ್ನು ಮೇಜಿನ ಮೇಲಿಟ್ಟ. "ದೊಡ್ಡದು ಬ್ಯಾಡ್ರಿ ಬಾಯಾರ. ಎರಡು ಸಣ್ಣವು ಹಾಕಿಕೊಡ್ರಿ. ನನಗೊಂದು, ಆಕಿಗೊಂದು."

ಶೈಲಜಾ ಕಾರಣ ಕೇಳಿದರು. ಅವನು ಗಂಟುಗಳ ಕಥೆ ಹೇಳಿದ. ಕೇಳಿ ಮುಗಿದ ಮೇಲೆ ಅವರು ನೀಲವ್ವನ ಮಿದುಳನ್ನು ಅಳೆದಿದ್ದ ಹಳೆಯ ಕಾಗದ ತೆಗೆದು ನೋಡಿದರು.

"ಕಣ್ಣು ಹೋದ ಮ್ಯಾಲ ಮಿದುಳಿನಾಗ ನೋಟದ ಜಾಗ ಖಾಲಿ ಬೀಳತೈತ್ರಿ," ಎಂದರು. "ಆ ಜಾಗಾನ ಬ್ಯಾರೆ ಯಾವುದಾರ ಬಂದು ಹಿಡಕೊಳ್ಳತೈತಿ. ನಿಮ್ಮ ಮನಿಯವರದನ್ನ ಬೆರಳು ಹಿಡಕೊಂಡಾವ. ಅಷ್ಟು ಸೂಕ್ಷ್ಮ ಬೆರಳು ನಾ ಎಲ್ಲೂ ಕಂಡಿಲ್ಲ. ಆವಾಗ ಅಳದಾಗ ಇನ್ನ ಒಂದಿಷ್ಟು ಜಾಗ ಉಳಿದಿತ್ತು. ಆರು ತಿಂಗಳಿನ್ಯಾಗ ಹಾಕಿದ್ರ ಕಾಣತಿತ್ತು. ಈಗ ಹಾಕಿದ್ರ ಉಪಯೋಗ ಇಲ್ಲ."

"ಆವಾಗ ಯಾಕ ಹೇಳಲಿಲ್ರಿ?"

"ಕಾರ್ಡು ಯಾರಿಗಂತ ಆಗಲೇ ಠರಾವ ಆಗಿತ್ತಲ್ರಿ. ಹೇಳಿ ಆಕಿಗೆ ನೋವು ಮಾಡೂದು ಯಾಕ ಅಂದಕೊಂಡೆ. ತಪ್ಪು ಮಾಡಿದೆ." ವಿಜ್ಞಾನಿಯ ಕಣ್ಣು ತುಂಬಿತ್ತು, ಆದರೆ ಕನ್ನಡಕ ತೆಗೆದಿಟ್ಟಿದ್ದ ಮುರಿಗೆಪ್ಪನಿಗೆ ಅದು ಕಾಣಲಿಲ್ಲ.

ಅವನ ತಪ್ಪುಗಳನ್ನು ಹುಡುಕಿ ಹುಡುಕಿಯೇ ಆ ಬೆರಳುಗಳು ಹರಿತವಾಗಿದ್ದವು. ಅವನ ತಪ್ಪೇ ಅವಳ ನೋಟದ ಜಾಗವನ್ನು ತಿಂದುಹಾಕಿತ್ತು. "ಆಕಿ ಹೇಳಿದಂಗ ನನಗಾದ್ರೂ ಸಣ್ಣದು ಹಾಕ್ರಿ" ಎಂದ. ಪೆಟ್ಟಿಗೆಯಲ್ಲಿ ಒಂದು ಸಣ್ಣ ಕಾರ್ಡು ಕೂತಿತು. ಇನ್ನೊಂದರ ಜಾಗ ಖಾಲಿ ಉಳಿಯಿತು.

ಮನೆಯಲ್ಲಿ ನೀಲವ್ವ ಹೊಸ ಹಾಸಿನ ಎಳೆಗಳಿಗೆ ಕೊಂಡಿ ಹಾಕುತ್ತ ಕೂತಿದ್ದಳು. ಮುರಿಗೆಪ್ಪ ಎದುರಿಗೆ ಕೂತ. ಅವಳ ಜಾಗದಲ್ಲಿ ಬಿಳಿ ತಲೆಯ ಒಂದು ಮಬ್ಬು ಆಕಾರ ಮಾತ್ರ ಕಾಣುತ್ತಿತ್ತು.

"ದೊಡ್ಡದು ಕೊಟ್ಟು ಬಂದೆ," ಎಂದ. "ಟ್ರಂಕು ತಗದಿದ್ದೆ."

ಅವಳ ಕೈ ನಿಂತಿತು. ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೆಂಪು ದಾರದ ತುಣುಕೊಂದನ್ನು ತೆಗೆದು ಅವನ ಮುಂದೆ ಹಿಡಿದಳು.

"ಇದು ಕಾಣತೈತೇನ್ರಿ?"

ಅವನು ಬಗ್ಗಿ ನೋಡಿದ. ಅವಳ ಕೈ ಇತ್ತು, ದಾರ ಕಾಣಲಿಲ್ಲ.

"ಇಲ್ಲ," ಎಂದ.

"ಸಣ್ಣವ ಇರಲಿ ಅಂದಿದ್ದೆ ನಾ," ಎಂದು ನೀಲವ್ವ ಅಳತೊಡಗಿದಳು. ಅತ್ತು ಮುಗಿದ ಮೇಲೆ ಅವನ ಬೆರಳು ಹಿಡಿದು ಎಳೆಯ ಮೇಲಿಟ್ಟಳು. ಕೊಂಡಿ ಹೇಗೆ ಹಾಕುವುದೆಂದು ಹೇಳಿಕೊಡತೊಡಗಿದಳು.