ಈ ಮನೆಯಲ್ಲಿ ಬೆಳಕಿದೆಯಾ?

"ಅಮ್ಮಾ, ಇದೇ ಮನೆ! ನಾನು ಇನ್ಯಾವ ಮನೇನೂ ನೋಡಲ್ಲ!"

ಬಾಗಿಲು ದಾಟುತ್ತಲೇ ಅವಳು ಕೂಗಿದಳು. ಹೊಸ ಬಣ್ಣದ ವಾಸನೆ ಹೋಗಿರದ ಆ ಖಾಲಿ ಮನೆಯಲ್ಲಿ ಅವಳ ದನಿ ಗೋಡೆಗೆ ಬಡಿದು ವಾಪಸ್ಸು ಬಂತು.

ಕಿಟಕಿಯ ಹತ್ತಿರ ನಿಂತಿದ್ದ ಯುವಕ ತಟ್ಟನೆ ತಿರುಗಿದ. ಅವನ ತೋಳು ಹಿಡಿದು ಅವನ ತಾಯಿ ನಿಂತಿದ್ದರು. ಅವನಿಗೆ ಕೋಪ ಬರುತ್ತದೆಂದು ಅವಳು ಎಣಿಸಿದ್ದಳು. ಬರಲಿಲ್ಲ.

ಅಯ್ಯೋ... ಇವನು ಹೆದರಿಬಿಟ್ಟಿದ್ದಾನೆ!

ಹೆದರಿಸುವುದೇ ಅವಳ ಉದ್ಯೋಗ, ಮನೆ ಮಾರುವ ಕಂಪನಿ ಅದಕ್ಕೇ ಕೂಲಿ ಕೊಡುತ್ತಿತ್ತು. ಕೊಳ್ಳಲು ಬಂದವರು ಹಿಂದೆ ಮುಂದೆ ನೋಡುತ್ತಿದ್ದರೆ, ತಾನೂ ಅದೇ ಮನೆಗೆ ಆಸೆಪಟ್ಟವಳಂತೆ ಅವಳು ನಟಿಸಬೇಕು. ಮನೆ ಕೈತಪ್ಪುತ್ತದೆಂದು ಹೆದರಿ ಅವರು ಅಂದೇ ಸಹಿ ಹಾಕಬೇಕು. ಅವಳ ಜೊತೆ ಬಂದಿದ್ದ ಮುದುಕಿಯೂ ಹೆತ್ತವಳಲ್ಲ, ದಿನಗೂಲಿಯ ಬಾಡಿಗೆ ಅಮ್ಮ. ಹಿಂದಿನ ವಾರ ಇನ್ಯಾರಿಗೋ ಅತ್ತೆಯಾಗಿದ್ದಳು. "ಅತ್ತೆ ಪಾತ್ರಕ್ಕೆ ಜಾಸ್ತಿ ಕೊಡಿ, ಗಂಟಲು ಹೋಗುತ್ತೆ" ಎಂದು ಮ್ಯಾನೇಜರ್ ಜೊತೆ ಜಗಳವಾಡಿದ್ದಳು.

"ನೀವೂ... ಇದನ್ನೇ ತಗೊಳ್ತಿದ್ದೀರಾ?" ಅವನು ಕೇಳಿದ.

"ಹೌದು. ನೀವು?"

"ನಮಗಿನ್ನೂ ಗೊತ್ತಾಗ್ತಿಲ್ಲ. ನಮ್ಮ ಕಡೆ ಸ್ವಂತ ಮನೆ ತಗೊಂಡವರೇ ಇಲ್ಲ. ನಲ್ಲಿ ತಿರುಗಿಸಿದೆ, ನೀರು ಬಂತು. ಆಮೇಲೆ ಏನು ನೋಡ್ಬೇಕು ಅಂತ ತಿಳೀಲಿಲ್ಲ."

ಅವಳು ನಕ್ಕಳು. ಆ ಮನೆಯೊಳಗೆ ಅವಳು ಮಾಡಿದ ಮೊದಲ ನಿಜವಾದ ಕೆಲಸ ಅದು.

"ನಮ್ಮ ಜಾಗದಲ್ಲಿ ನೀವಾಗಿದ್ರೆ ತಗೊಳ್ತಿದ್ರಾ?"

"ಕಣ್ಣು ಮುಚ್ಕೊಂಡು ತಗೊಳ್ತಿದ್ದೆ!"

ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಆ ತಾಯಿಯ ಕಣ್ಣು ಕಿಟಕಿಯ ಕಡೆಗಿತ್ತು, ಆದರೆ ಹೊರಗಿನ ಯಾವುದನ್ನೂ ಅದು ನೋಡುತ್ತಿರಲಿಲ್ಲ. ಅವಳು ನಾಲಿಗೆ ಕಚ್ಚಿಕೊಂಡಳು.

"ಹಾಗಾದ್ರೆ ನನಗಿಂತ ಒಳ್ಳೇ ಗಿರಾಕಿ ಸಿಗಲ್ಲ ಬಿಡು" ಎಂದು ಆಕೆಯೇ ನಕ್ಕರು. "ಬೆಳಕು, ಕತ್ತಲೆ ಎರಡೇ ಕಣಮ್ಮ ನಂಗೆ ಗೊತ್ತಾಗೋದು. ಈಗಿರೋ ಬಾಡಿಗೆ ಮನೇಲಿ ಅದೂ ಇಲ್ಲ. ಇಲ್ಲಿ ಬಂದು ನಿಂತೆ ನೋಡು... ಬೆಳಗಾಯ್ತು ಅನ್ನಿಸ್ತು."

ಅವನು ಕನ್ನಡಕದ ಅಂಗಡಿಯವನು. ಊರವರ ಕಣ್ಣಿಗೆಲ್ಲ ಗಾಜು ಉಜ್ಜಿ ಕೊಡುವವನಿಗೆ ಹೆತ್ತ ತಾಯಿಯ ಕಣ್ಣಿಗೆ ಹೊಂದುವ ಗಾಜು ಸಿಕ್ಕಿರಲಿಲ್ಲ. ಸಲಹೆ ಕೇಳುವ ನೆಪದಲ್ಲಿ ಅವಳಿಗೆ ಫೋನ್ ಮಾಡತೊಡಗಿದ. ಇಬ್ಬರೂ ಟೀ ಕುಡಿದರು, ಇನ್ನೂ ಯಾರದೂ ಅಲ್ಲದ ಆ ಮನೆಯನ್ನು ಮತ್ತೆ ಮತ್ತೆ ಹೋಗಿ ನೋಡಿದರು. ಒಂದು ದಿನ ಮೆಟ್ಟಿಲ ಮೇಲೆ ಕೂತು ಅವನು ಹೇಳಿದ.

"ಇನ್ನು ಕೆಲವೇ ತಿಂಗಳು, ಆ ಬೆಳಕೂ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು. ಅಮ್ಮನಿಗೆ ಹೇಳಿಲ್ಲ. ಅಷ್ಟರೊಳಗೆ ಕಿಟಕಿ ಇರೋ ಮನೇಲಿ ಅವಳನ್ನ ಕೂರಿಸ್ಬೇಕು."

ಅವಳು ಅವನ ಕೈ ಹಿಡಿದಳು. ಹಿಡಿಯೆಂದು ಯಾವ ಮ್ಯಾನೇಜರೂ ಹೇಳಿರಲಿಲ್ಲ. ಆಗಲೇ ಎಲ್ಲವನ್ನೂ ಹೇಳಿಬಿಡಬಹುದಿತ್ತು, ಹೇಡಿ! ಹೇಳಲಿಲ್ಲ.

ಮರುವಾರ ಅವನ ಫೋನ್ ಬಂತು. "ಮನೆ ನೀವೇ ತಗೊಳ್ಳಿ. ಮೊನ್ನೆ ಆ ಮನೆ ಹತ್ರ ಸಿಕ್ಕಾಗ ನಿಮ್ಮಮ್ಮ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ರು, ಆ ಮನೇಲೇ ಪ್ರಾಣ ಬಿಡ್ಬೇಕು ಅಂದ್ರು. ನಿಮ್ಮ ಹತ್ರ ಕಿತ್ಕೊಂಡು ನಾನು ಹೇಗೆ ಸುಖವಾಗಿರ್ಲಿ?"

ಬಾಡಿಗೆ ಅಮ್ಮ ತನ್ನ ಪಾತ್ರವನ್ನು ಅತಿ ಮಾಡಿದ್ದಳು! ಮ್ಯಾನೇಜರ್ ಕೆಂಡಾಮಂಡಲವಾದ. "ನೀನೇ ಹಿಂದೆ ಸರಿದೆ ಅಂತ ಹೇಳಿ ಅವನನ್ನ ವಾಪಸ್ ಕರ್ಕೊಂಡು ಬಾ!"

ಅವಳು ಅಂಗಡಿಗೆ ಹೋದಳು. ಸುಳ್ಳನ್ನು ಬಾಯಲ್ಲೇ ಹೊತ್ತುಕೊಂಡು ಹೋಗಿದ್ದಳು. ಅವನ ಮುಖ ಕಂಡಾಗ ಹೊರಬಿದ್ದದ್ದು ನಿಜ. ಒಂದೂ ಬಿಡದೆ ಹೇಳಿದಳು.

ಅವನು ಕೈಯಲ್ಲಿದ್ದ ಗಾಜನ್ನು ಮೆಲ್ಲಗೆ ಕೆಳಗಿಟ್ಟ.

"ಮೆಟ್ಟಿಲ ಮೇಲೆ ನನ್ನ ಕೈ ಹಿಡಿದ್ರಲ್ಲ... ಅದಕ್ಕೂ ಕೂಲಿ ಸಿಕ್ತಾ?"

"ಇಲ್ಲ! ಅದು ಮಾತ್ರ..."

"ಹೋಗಿ. ನಿಮ್ಮ ಮನೆ ನಿಮಗೇ ಇರ್ಲಿ. ನಮ್ಮಮ್ಮ ಕತ್ತಲಲ್ಲೇ ಇದ್ದಾಳೆ, ಅಭ್ಯಾಸ ಆಗಿದೆ."

ಅವಳು ಕೆಲಸ ಬಿಟ್ಟಳು. ಒಂದು ಪೀಠೋಪಕರಣದ ಅಂಗಡಿಯಲ್ಲಿ ಕುರ್ಚಿ ಒರೆಸುವ, ಬಿಲ್ ಬರೆಯುವ ಕೆಲಸ ಹಿಡಿದಳು. ಬೆಳಿಗ್ಗೆ ಎದ್ದು ಕಿಟಕಿ ತೆರೆದಾಗಲೆಲ್ಲ ಎದೆಯಲ್ಲಿ ಮುಳ್ಳು ಆಡಿದಂತಾಗುತ್ತಿತ್ತು. ಆ ತಾಯಿಗೆ ಉಳಿದಿದ್ದ ಬೆಳಗುಗಳು ಎಣಿಕೆಯವು. ಅವನ್ನು ಕಸಿದುಕೊಂಡವಳು ನಾನು!

ಎಷ್ಟೋ ತಿಂಗಳ ಮೇಲೆ ಅವನು ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಸೊರಗಿದ್ದ.

"ನಿಮ್ಮಿಂದ ಒಂದು ಸುಳ್ಳು ಬೇಕಾಗಿದೆ" ಎಂದ. "ಚೆನ್ನಾಗಿ ಹೇಳೋರು ನಿಮ್ಮನ್ನ ಬಿಟ್ರೆ ಯಾರೂ ಗೊತ್ತಿಲ್ಲ."

ಆ ಮಾತು ಚುಚ್ಚಲೆಂದೇ ಆಡಿದ್ದು. ಚುಚ್ಚಿತು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

ತಾಯಿಯ ಕಣ್ಣಲ್ಲಿ ಉಳಿದಿದ್ದ ಬೆಳಕೂ ಹೋಗಿತ್ತು. ಕತ್ತಲೆ ಮನೆಯಲ್ಲೇ ಇರುತ್ತಿದ್ದ ಆಕೆಗೆ ಅದು ತಿಳಿದಿರಲಿಲ್ಲ. ಹೊಸ ಮನೆಗಳಿಗೆ ಕರೆದೊಯ್ದಾಗ, "ಇಲ್ಲೂ ಕತ್ತಲೆ ಕಣೋ" ಎನ್ನುತ್ತಿದ್ದರು. "ಹೌದಮ್ಮ, ಈ ಮನೇನೂ ಕತ್ತಲೆ, ಬೇರೆ ನೋಡೋಣ" ಎನ್ನುತ್ತಿದ್ದ ಮಗ. ಬಿಸಿಲು ಮೈಗೆ ತಾಕಿ ಗೊತ್ತಾಗಬಾರದೆಂದು ಹೊತ್ತು ನೋಡಿಯೇ ಕರೆದೊಯ್ಯುತ್ತಿದ್ದ, ದಾರಿಯಲ್ಲಿ ಕೇಳಿದರೆ ಮೋಡ ಕವಿದಿದೆ ಎನ್ನುತ್ತಿದ್ದ. ಬೆಳಕು ತುಂಬಿದ ಎಷ್ಟೋ ಮನೆಗಳನ್ನು ಹೀಗೆ ಬಿಟ್ಟುಬಂದಿದ್ದರು.

"ಈಗ ಅಮ್ಮನಿಗೆ ಅನುಮಾನ. ಆ ಹುಡುಗೀನ ಕರ್ಕೊಂಡು ಬಾ, ಅವಳು ಹೇಳಿದ್ರೆ ನಂಬ್ತೀನಿ ಅಂತಾಳೆ. ಕತ್ತಲೆ ಇದೆ ಅಂತ ಹೇಳಿ, ಅಷ್ಟೇ." ಅವನ ದನಿ ಒಡೆಯಿತು. "ಇದೊಂದು ಹೇಳಿ... ಹಿಂದಿನದೆಲ್ಲ ಮರೆತುಬಿಡ್ತೀನಿ. ನಿಮ್ಮನ್ನ ಬಿಟ್ಟು ನನಗೂ ಇರೋಕಾಗ್ತಿಲ್ಲ."

ದೇವರೇ! ಹಗಲಿರುಳು ಅವಳು ಬೇಡಿಕೊಂಡ ಮಾತು ಇಂಥ ಬೆಲೆಗೆ ಬಂದಿತ್ತು.

ಊರಂಚಿನ ಹೊಸ ಮನೆಗೆ ಮೂವರೂ ಹೋದರು. ನೇರ ಬಿಸಿಲು ಬೀಳುತ್ತಿರಲಿಲ್ಲ, ಆದರೆ ಅಗಲವಾದ ಕಿಟಕಿಯಿಂದ ಮಧ್ಯಾಹ್ನದ ಬೆಳಕು ಒಳಗೆ ತುಂಬಿತ್ತು. ನೆಲದ ಮೇಲಿನ ಒಂದೊಂದು ಬಣ್ಣದ ಹನಿಯೂ ಕಾಣುತ್ತಿತ್ತು.

ತಾಯಿ ಅವಳ ಕೈ ಹುಡುಕಿ ಹಿಡಿದುಕೊಂಡರು.

"ನೀನು ಸುಳ್ಳು ಹೇಳ್ದೆ, ಒಪ್ಕೊಂಡೆ. ನನ್ನ ಮಗ ಇನ್ನೂ ಒಪ್ಕೊಂಡಿಲ್ಲ. ನೀನೇ ಹೇಳಮ್ಮ... ಈ ಮನೇಲಿ ಬೆಳಕಿದ್ಯಾ?"

ಅವನು ಅವಳನ್ನೇ ನೋಡುತ್ತಿದ್ದ. ಕಣ್ಣಲ್ಲೇ ಕೈಮುಗಿಯುತ್ತಿದ್ದ. 'ಇಲ್ಲ' ಎಂದರೆ ಸಾಕು, ಅವನು ಅವಳವನಾಗುತ್ತಿದ್ದ. ಆಮೇಲೆ ಮತ್ತೊಂದು ಮನೆ, ಮತ್ತೊಂದು ಸುಳ್ಳು. ಆ ತಾಯಿ ಬದುಕಿರುವ ತನಕ ಮನೆಯಿಂದ ಮನೆಗೆ ಇಲ್ಲದ ಬೆಳಗನ್ನು ಹುಡುಕುತ್ತ ಅಲೆಯಬೇಕು.

"ಇದೆ ಅಮ್ಮ" ಎಂದಳು. "ತುಂಬಾ ಇದೆ."

ಹಿಡಿದ ಕೈ ಸಡಿಲವಾಯಿತು. ಆ ತಾಯಿ ಗೋಡೆಗೆ ಒರಗಿ ಬರಿ ನೆಲದ ಮೇಲೆ ಕುಸಿದರು.

"ಎಷ್ಟು ದಿನದಿಂದ ಕಣೋ?"

ಆಕೆ ಎರಡೂ ಕೈಯಿಂದ ಕಣ್ಣು ಉಜ್ಜಿಕೊಂಡರು, ನಿದ್ದೆಯಿಂದ ಎದ್ದವರ ಹಾಗೆ, ಮತ್ತೆ ಮತ್ತೆ. ಕೊನೆಗೆ ಬಾಯಿಬಿಟ್ಟು ಅತ್ತರು. ಆ ಖಾಲಿ ಮನೆ ಆ ಅಳುವನ್ನು ಎಲ್ಲ ಕೋಣೆಗಳಿಗೂ ಕೊಂಡೊಯ್ದಿತು.

"ಕೊಂದುಬಿಟ್ರಿ ನಮ್ಮಮ್ಮನ್ನ!" ಅವನು ಚೀರಿದ. "ಎರಡನೇ ಸಲ!"

ಅವಳು ಚಪ್ಪಲಿ ಮೆಟ್ಟಿ ಬಾಗಿಲು ದಾಟಿದಳು. ಕಣ್ಣು ಮಂಜಾಗಿ ಮೆಟ್ಟಿಲೇ ಕಾಣಲಿಲ್ಲ.

"ಎಲ್ಲಿಗೆ ಹೋಗ್ತೀಯ?" ಒಳಗಿಂದ ತಾಯಿಯ ಗದರು ದನಿ. "ಹೇಳಿಬಿಟ್ಟು ಓಡಿಹೋಗೋದಾ? ಬಾ ಇಲ್ಲಿ. ಕಿಟಕೀಲಿ ಏನೇನು ಕಾಣುತ್ತೋ ಹೇಳು. ಒಂದೂ ಬಿಡ್ಬೇಡ."

ಅವಳು ವಾಪಸ್ಸು ಬಂದು ಕಿಟಕಿಯ ಹತ್ತಿರ ನಿಂತು, ಬಿಕ್ಕುತ್ತಲೇ ಹೇಳಿದಳು. ಒಣಹಾಕಿದ ಹಾಸಿಗೆ ಹೊದಿಕೆ. ಗೋಡೆಯ ಮೇಲೆ ಮೈ ನೆಕ್ಕಿಕೊಳ್ಳುವ ಬೆಕ್ಕು. ಸೈಕಲ್ಲು ಕಲಿಯುತ್ತಾ ಬಿದ್ದು, ಯಾರಾದರೂ ನೋಡಿದರಾ ಎಂದು ಸುತ್ತ ಕಣ್ಣಾಡಿಸಿದ ದಪ್ಪ ಗಂಡಸು.

ತಾಯಿ ಅಳುತ್ತಲೇ ಕೇಳಿಸಿಕೊಂಡರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಈ ಮನೆ ತಗೊಳೋ. ನಂಗೆ ಕಾಣ್ದಿದ್ರೆ ನೀನೂ ಕತ್ತಲಲ್ಲೇ ಸಾಯ್ಬೇಕಾ?"

ಅವನು ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಅತ್ತ. ಎದ್ದಾಗ ಅವಳ ಎದುರಿಗೆ ಬಂದು ನಿಂತ.

"ನಿಮ್ಮನ್ನ ಕ್ಷಮಿಸೋಕೆ ಇನ್ನೂ ಆಗ್ತಿಲ್ಲ."

"ಗೊತ್ತು."

"ಪ್ರೀತಿಸೋದನ್ನ ಬಿಡೋಕೂ ಆಗ್ತಿಲ್ಲ."

ಅವಳು ತಲೆಯೆತ್ತಿ ನೋಡಿದಳು. "ಮೆಟ್ಟಿಲ ಮೇಲೆ ಕೂತಿದ್ದಾಗ ನಾನು ಹೇಳ್ಬೇಕಾಗಿದ್ದು ಇದನ್ನೇ. ಅವತ್ತಿಂದ ನಿಮ್ಮನ್ನೇ ಪ್ರೀತಿಸ್ತಿದ್ದೀನಿ."

"ನಾಳೆನೂ ಬರ್ತೀರಾ? ಇನ್ಮೇಲೆ ಅಮ್ಮ ನನ್ನ ಮಾತು ನಂಬಲ್ಲ."

"ನೀವು ನನ್ನ ಮಾತು ನಂಬ್ತೀರಾ?"

ಅವನು ಸುಳ್ಳು ಹೇಳಲಿಲ್ಲ. ಅವಳ ಕೈಯನ್ನು ಮೆಲ್ಲಗೆ ತನ್ನ ಕೈಗೆ ತೆಗೆದುಕೊಂಡ.

"ಇವತ್ತಿಗೆ ಇಲ್ಲ. ನಂಬೋ ತನಕ ಜೊತೇಲಿರ್ತೀರಾ?"

"ಇರ್ತೀನಿ."