ಪಕ್ಕದ ಮನೆಯ ಮೈನಾ

"ಆ ಮನಿದು ಏನರ ನಿನ್ನ ಮನ್ಯಾಗ ಬಂದದೇನು? ಉಪ್ಪು, ಬೆಂಕಿ, ಮಜ್ಜಿಗಿ, ಏನರ? ಖರೇ ಹೇಳು," ಎಂದು ಮಾಟ ಮಾಡುವ ಗಂಗುಬಾಯಿ ಮೂರನೆಯ ಸಲ ಕೇಳಿದಳು.

ಮನಿಷಾ ಸೆರಗನ್ನು ಮೂಗಿಗೆ ಒತ್ತಿಕೊಂಡು ನಕ್ಕಳು. ನಿರ್ಣಾ ಹಳ್ಳಿಯ ಆ ಗುಡಿಸಲಿನೊಳಗೆ ಹಾಡಹಗಲೇ ಕತ್ತಲೆ. ಸುಟ್ಟ ಮೆಣಸಿನಕಾಯಿಯ ಘಾಟು, ಲೋಬಾನದ ಹೊಗೆ, ಹಿತ್ತಲ ಕುರಿದೊಡ್ಡಿಯ ಹಸಿ ವಾಸನೆ ಒಟ್ಟಾಗಿ ಗಂಟಲು ಹಿಡಿಯುತ್ತಿದ್ದವು. ಹುಮನಾಬಾದಿನಲ್ಲಿ ಡಿಗ್ರಿ ಮುಗಿಸಿ, ಗಂಡ ನರಸಿಂಗನ ನೌಕರಿಯ ಬೆನ್ನಿಗೆ ವರ್ಷದ ಹಿಂದೆ ಬಸವಕಲ್ಯಾಣಕ್ಕೆ ಬಂದವಳು ಅವಳು. ಮಾಟಗೀಟ ನಂಬುವವಳಲ್ಲ. ನಂಬದವಳು ಇಲ್ಲಿಗೇಕೆ ಬಂದಳು ಅಂತೀರಾ? ಹೊಟ್ಟೆಕಿಚ್ಚು ಸ್ವಾಮಿ! ಅದಕ್ಕೆ ಯಾವ ಡಿಗ್ರಿಯ ಹಂಗೂ ಇಲ್ಲ.

"ಆಕಿ ಮನಿ ಹನಿ ನೀರೂ ನನ್ನ ಗಂಟಲಾಗ ಇಳಿದಿಲ್ಲ."

"ಏನರ ಬಂದಿದ್ರ, ಮಾಟ ಅದೇ ದಾರಿ ಹಿಡಿದು ನಿನ್ನ ಮನಿಗಿ ಬರ್ತದ ನೋಡವ್ವಾ. ಮಾಡಿಸಿದಾಕಿಗಿ ದುಪ್ಪಟ್ಟು ಬಡೀತದ."

"ಬಂದ್ರ ಚಾ ಕುಡಿಸಿ ಕಳಸ್ತೀನಿ ಬಿಡು," ಎಂದು ಮನಿಷಾ ಕರಿದಾರ ಸುತ್ತಿದ ನಿಂಬೆಹಣ್ಣನ್ನು ಪರ್ಸಿಗೆ ಹಾಕಿಕೊಂಡು ಎದ್ದಳು.

ಅವಳ ಸಂಕಟವೆಲ್ಲ ಪಕ್ಕದ ಮನೆಯ ಅಮೃತಳಿಂದ. ಅಮೃತಳ ಮನೆಯಲ್ಲಿ ಮಾತು ಕೇಳುವ ಡಬ್ಬಿಯೊಂದಿತ್ತು, ಚೆಂಬಿನಷ್ಟು ಗಾತ್ರದ್ದು. ಅದಕ್ಕೆ ಮೈನಾ ಎಂದು ಹೆಸರಿಟ್ಟಿದ್ದಳು. "ಏ ಮೈನಾ, ಫ್ಯಾನ್ ಹಚ್ಚು," ಅಂದರೆ ಫ್ಯಾನು ತಿರುಗುವುದು. "ಹಾಡು ಹೇಳು," ಅಂದರೆ ಹಾಡು. ಮನಿಷಾಳ ಮೂರು ವರ್ಷದ ಮಗಳು ಮಯೂರಿಯಂತೂ ಹೆತ್ತವ್ವನ ಜೋಗುಳ ಬಿಟ್ಟು ದಿನವಿಡೀ ಮೈನಾಳ ಮುಂದೆ ಕೂರತೊಡಗಿದ್ದಳು. ಸಾಲದ್ದಕ್ಕೆ ನರಸಿಂಗ ಉಣ್ಣುತ್ತಾ ಕೂತಾಗ, "ಅಮೃತಕ್ಕನ ಮನಿ ನೋಡು, ಸಾಮಾನೂ ಆಕಿ ಮಾತು ಕೇಳ್ತಾವ," ಎಂದಿದ್ದ. ಅಂದಿನಿಂದ ಮನಿಷಾಳಿಗೆ ತುತ್ತು ಇಳಿದಿರಲಿಲ್ಲ. ಅವಳು ಬೇಡಿದ್ದು ಒಂದೇ, ಆ ಡಬ್ಬಿ ಅಮೃತಳ ದನಿ ಕೇಳಬಾರದು.

ಗಂಗುಬಾಯಿಗೆ ಅವಳು ಸುಳ್ಳು ಹೇಳಿದಳೆ? ಅವಳ ಲೆಕ್ಕದಲ್ಲಿ ಇಲ್ಲ. ಆರು ತಿಂಗಳ ಹಿಂದೆ ಅಮೃತ ಯಾರಿಗೋ ವೈಫೈ ಪಾಸ್‌ವರ್ಡ್ ಹೇಳುತ್ತಿದ್ದುದನ್ನು ಗೋಡೆಗೆ ಕಿವಿಯಿಟ್ಟು ಕೇಳಿ ಬರೆದುಕೊಂಡಿದ್ದಳು. ಆಗಿನಿಂದ ಇವಳ ಫೋನು, ಟಿವಿ ಎರಡೂ ಅಮೃತಳ ವೈಫೈ ಮೇಲೆಯೇ ನಡೆದಿದ್ದವು. ಗಾಳಿಯಲ್ಲಿ ತಾನೇ ಬಂದದ್ದು ಕಳವು ಹೇಗಾದೀತು ಎಂಬುದು ಅವಳ ವಾದ.

ನಿಂಬೆಹಣ್ಣನ್ನು ಅಮೃತಳ ಹೊಸ್ತಿಲ ಪಕ್ಕದ ಮಣ್ಣಿನಲ್ಲಿ ಹೂತು ಮೂರನೆಯ ದಿನಕ್ಕೆ ಮೈನಾ ಕಿವುಡಾಯಿತು. ಅಮೃತ ಕೂಗಿ ಕೂಗಿ ಸೋತಳು. ಗೋಡೆಯ ಈಚೆ ಮನಿಷಾ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಹುಮನಾಬಾದಿನಿಂದ ರಿಪೇರಿಯ ಜೀಶಾನ್ ಬಂದ. ಡಬ್ಬಿಯ ಮೈಕ್ ಗುಂಡಿ ನೋಡಿದ, ಪ್ಲಗ್ ಕಿತ್ತು ಹಾಕಿದ, ರೌಟರನ್ನು ಕಬ್ಬಿಣದ ಕಪಾಟಿನ ಹಿಂದಿನಿಂದ ತೆಗೆದು ಎತ್ತರಕ್ಕೆ ಇಟ್ಟ, ಎಲ್ಲ ಅಳಿಸಿ ಹೊಸದಾಗಿ ಜೋಡಿಸಿದ. ಅವನು ಕೂಗಿದರೆ ಮೈನಾ ಓಗೊಟ್ಟಿತು. ಅಮೃತ ಕೂಗಿದರೆ ಇಲ್ಲ.

"ಹತ್ತು ವರ್ಷ ಆಯ್ತು ಬಾಯಿ, ಇಂಥಾದು ನೋಡಿಲ್ಲ. ಎಲ್ಲಾ ಬರೋಬರ್ ಅದ," ಎಂದ ಜೀಶಾನ್. "ಅಂದಂಗ, ನಿಮ್ಮ ವೈಫೈ ಮ್ಯಾಲ ಮನಿಷಾ ಅಂತ ಒಂದು ಫೋನು, ಮತ್ತೊಂದು ಟಿವಿ ಅದಾವ. ಕಟ್ ಮಾಡ್ಲೇನ್ರಿ?"

"ಬ್ಯಾಡ್ರಿ. ಬಾಜೂ ಮನಿಯಾಕಿ. ಮೊದಲಿಂದಾನೂ ಗೊತ್ತದ ನನಗ. ಕೂಸು ಹಾಡು ನೋಡ್ತದ, ಇರ್ಲಿ."

ಗೋಡೆಯಾಚೆ ಮನಿಷಾಳ ಮೈಗೆ ಕೆಂಡ ಸುರಿದಂತಾಯಿತು. ಬೈದಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು. ಕನಿಕರ! "ಯಾರಿಗಿ ಬೇಕಾಗ್ಯಾದ ನಿನ್ನ ಭಿಕ್ಷಾ?" ಎಂದು ಹಲ್ಲು ಕಡಿದಳು. ತನ್ನ ಮಾತು ತನಗೇ ಕೇಳಿಸಲಿಲ್ಲ.

ಮತ್ತೆ ಅಂದಳು. ಇಲ್ಲ. ಫೋನೆತ್ತಿ ನರಸಿಂಗನಿಗೆ ಹಚ್ಚಿದಳು. ಅವನು ಹಲೋ ಹಲೋ ಎಂದು ಬೇಸತ್ತು ಇಟ್ಟ. ಫೋನಿನದೇ ದೋಷವೆಂದು ಮೈಕಿನ ತೂತಿಗೆ ಪಿನ್ನು ಚುಚ್ಚಿ ಕಸ ತೆಗೆದಳು, ಆಫ್ ಮಾಡಿ ಆನ್ ಮಾಡಿದಳು. ಸಂಜೆ ಮನೆಗೆ ಬಂದ ನರಸಿಂಗ ಅವಳ ಬಾಯಿಯನ್ನೇ ದಿಟ್ಟಿಸಿದ. "ಬಾಯಿ ಆಡಸ್ತಿ, ದನಿ ಎಲ್ಲಿ?" ಹುಮನಾಬಾದಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಗಂಟಲಿಗೆ ಏನೂ ಆಗಿಲ್ಲ ಎಂದರು.

ಮರುದಿನ ಮಧ್ಯಾಹ್ನ ಹಾಲು ಉಕ್ಕಿ ಒಲೆಗೆ ಸುರಿಯಿತು. ಮನಿಷಾ ಅಭ್ಯಾಸಬಲದಿಂದ "ಅಯ್ಯೋ ಹಾಲು!" ಎಂದು ಚೀರಿದಳು. ಸೀದ ವಾಸನೆ ಕವಿದ ಅಡುಗೆಮನೆಯಲ್ಲಿ ಸೊಲ್ಲಿಲ್ಲ. ಗೋಡೆಯಾಚೆಯಿಂದ, ಡಬ್ಬಿಯೊಳಗಿಂದ, ಅವಳದೇ ದನಿ ಕೂಗಿತು. "ಅಯ್ಯೋ ಹಾಲು!"

"ಯವ್ವಾ, ಮೈನಾ ಮನಿಷಾನ ದನಿಲೆ ಮಾತಾಡಾಕತ್ತದ!" ಎಂದು ಅಮೃತ ಕಿರುಚಿದಳು.

ಮಯೂರಿಯನ್ನು ಅಮೃತಳ ಬಳಿಯೇ ಬಿಟ್ಟು ಮನಿಷಾ ನಿರ್ಣಾಕ್ಕೆ ಓಡಿದಳು. ಗಂಗುಬಾಯಿ ಅವಳು ಫೋನಿನಲ್ಲಿ ಬರೆದು ತೋರಿಸಿದ ವೈಫೈ ಕಥೆಯನ್ನೆಲ್ಲ ಓದಿದಳು, ಕೈಸನ್ನೆ ನೋಡಿದಳು, ತಲೆಗೆ ಕೈಹಚ್ಚಿಕೊಂಡಳು.

"ಹನಿ ನೀರು ಕುಡಿದಿಲ್ಲ ಅಂದಿ. ಆರು ತಿಂಗಳು ಅವರದೇ ಉಂಡಿ! ಉಪ್ಪು ತಿಂದಾಕಿ ನೀರು ಕುಡೀಲೇಬೇಕು. ಹೋಗು, ನಿನ್ನ ಬಾಯಿಲೇ ಆಕಿ ಮುಂದ ಒಪ್ಪಿಕೋ. ಆಕಿ ಮಾಫ್ ಮಾಡಿದ್ರ ದನಿ ತಿರುಗಿ ಬರ್ತದ. ಇಲ್ಲಂದ್ರ ಅಲ್ಲೇ ಉಳೀತದ."

ಬಸವಕಲ್ಯಾಣದಲ್ಲಿ ಬಸ್ಸು ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ರಸ್ತೆಯ ತುಂಬ ಕಬ್ಬಿನ ಸಿಪ್ಪೆ, ಡೀಸೆಲ್ ಹೊಗೆ. ಆಚೆ ಬದಿಯಲ್ಲಿ ಅಮೃತಳ ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ಮಯೂರಿ. ಅವ್ವನನ್ನು ಕಂಡಳು. ಚಪ್ಪಾಳೆ ತಟ್ಟಿದಳು. ಓಡಿ ಬಂದಳು.

ಎಡಗಡೆಯಿಂದ ಟ್ರ್ಯಾಕ್ಟರು. ಎರಡು ಟ್ರೇಲರ್ ಕಬ್ಬು. ಡ್ರೈವರನ ಟೇಪಿನಲ್ಲಿ ಜೋರು ಹಾಡು. ಅವನು ಕೂಸನ್ನು ನೋಡಿಲ್ಲ. ನಡುವೆ ಲಾರಿಯೊಂದು ಅಡ್ಡ. ಮನಿಷಾ ದಾಟಲಾರಳು. ಬಾಯಿ ತೆರೆದಳು. ಕತ್ತಿನ ನರ ಉಬ್ಬಿದವು. ಕೂಗಿದಳು. ಗಾಳಿ ಅಲುಗಲಿಲ್ಲ.

ಅಮೃತಳ ಮನೆಯೊಳಗಿಂದ ಸಿಡಿಲಿನಂತೆ ಬಂತು. "ಮಯೂರೀ! ನಿಂದರು!"

ಕೂಸು ನಿಂತಿತು. ಅವ್ವ ಒಳಗಿದ್ದಾಳೆಂದು ಹಿಂತಿರುಗಿತು. ಅಮೃತ ಹಾರಿ ಬಂದಳು. ರಟ್ಟೆ ಹಿಡಿದು ಎಳೆದಳು. ಚಕ್ರ ಮಯೂರಿಯ ಚಪ್ಪಲಿಯ ಮೇಲೆ ಹಾದುಹೋಯಿತು.

ಮನಿಷಾ ರಸ್ತೆ ದಾಟಿ ಅಮೃತಳ ಕಾಲಿಗೆ ಬಿದ್ದಳು. ತುಟಿ ಅಲ್ಲಾಡಿತು, ಮಾತು ಒಳಗಿನ ಡಬ್ಬಿಯಿಂದ ಹೊರಟಿತು. "ನಾನೇ ಮಾಡಿಸೀನಿ ಅಕ್ಕಾ. ನಿನ್ನ ಹೊಸ್ತಿಲಾಗ ನಿಂಬಿಹಣ್ಣು ಹುಗಿದೀನಿ. ಕೂಸು ನಿನ್ನ ಹಚ್ಚಿಕೊಂಡಿದ್ದು ನೋಡಕ್ಕಾಗಲಿಲ್ಲ. ಮಾಫ್ ಮಾಡು. ನಿನ್ನ ಕಾಲು ಬೀಳ್ತೀನಿ, ಮಾಫ್ ಮಾಡು."

ಅಮೃತ ಕೊನೆಯವರೆಗೂ ಕೇಳಿದಳು. ಬಾಗಿ ಹೊಸ್ತಿಲ ಮಣ್ಣು ಕೆದಕಿದಳು. ಕೊಳೆತು ಕಪ್ಪಾದ ಹಣ್ಣು ಕೈಗೆ ಬಂತು, ಅದರ ನಾತಕ್ಕೆ ಮುಖ ಸಿಂಡರಿಸಿದಳು. ಅದನ್ನು ಚರಂಡಿಗೆ ಎಸೆದಳು.

"ನನ್ನ ಮನಿ ಬಾಗಿಲಾಗ ಹುಗೀಲಾಕ ನಾ ನಿನಗೇನು ಮಾಡಿದ್ದೆನವ್ವಾ?" ಎಂದಳು. ಮಯೂರಿಯನ್ನು ಮನಿಷಾಳ ಮಡಿಲಿಗೆ ಹಾಕಿ ಒಳಗೆ ಹೋದಳು.

"ಅಕ್ಕಾ, ಬ್ಯಾಡ! ಅಕ್ಕಾ..." ಎನ್ನುತ್ತಿತ್ತು ಡಬ್ಬಿ. ಅಮೃತ ಪ್ಲಗ್ ಕಿತ್ತಳು, ಬಾಗಿಲು ಹಾಕಿಕೊಂಡಳು.

ಮನಿಷಾ ಮಗಳನ್ನು ಎದೆಗೆ ಅವಚಿಕೊಂಡು ದನಿಯಿಲ್ಲದ ಬಾಯಿಂದ ಅವಳ ಹೆಸರನ್ನೇ ಕರೆಯುತ್ತಿದ್ದಳು. ಮಯೂರಿ ಅವಳ ತೋಳಿನಿಂದ ಕೊಸರಿಕೊಂಡು, ಮುಚ್ಚಿದ ಬಾಗಿಲ ಕಡೆ ಕೈಚಾಚಿ, "ಅವ್ವಾ, ಅವ್ವಾ," ಎಂದು ಅಳತೊಡಗಿದಳು.