ಮುನಿಶಾಮಿಯವರ ಕಾರಿನ ಉಸಿರು

ಕೀ ತಿರುಗಿಸಿದ. ಎಂಜಿನ್ ಶುರುವಾಯಿತು. ಆ ಸದ್ದು ಮಾತ್ರ ಬರಲಿಲ್ಲ.

ಹಳೆಯ ಕಾರುಗಳೆಲ್ಲ ಮಾಡುವ ಗೊರಗೊರ ಇತ್ತು. ಆದರೆ ಆಕ್ಸಲರೇಟರ್ ಒತ್ತಿದೊಡನೆ ಮುಂದಿನಿಂದ ಏಳುತ್ತಿದ್ದ ಆ ಗುಂಯ್‌ಕಾರ, ಯಾರೋ ಎದೆತುಂಬ ಗಾಳಿ ಎಳೆದುಕೊಂಡಂಥ ಆ ಉಸಿರು ಎಲ್ಲಿ? ಪ್ರೇಮ್‌ಕುಮಾರ್ ಮತ್ತೊಮ್ಮೆ ಒತ್ತಿದ. ಇಲ್ಲ.

ಇಳಿದು ಬಾನೆಟ್ ಎತ್ತಿದ. ಅಪ್ಪ ಕೈಯಾರೆ ಮಾಡಿ ಕೂರಿಸಿದ್ದ ಪೈಪು ಮಾಯವಾಗಿತ್ತು. ಅದರ ಜಾಗದಲ್ಲಿ ಕಾರಿನ ಜೊತೆಗೇ ಬಂದಿದ್ದ ಕಪ್ಪು ಏರ್ ಫಿಲ್ಟರ್ ಡಬ್ಬಿ ಕೂತಿತ್ತು. ಎಂಟು ವರ್ಷದಿಂದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಗೋಣಿಚೀಲದೊಳಗೆ ಬಿದ್ದಿದ್ದ ಡಬ್ಬಿ.

“ಹಂಸಾ! ಕಾರು ಯಾರು ಮುಟ್ಟಿದ್ದು?”

ಹೆಂಡತಿ ಬಾಗಿಲಿಗೆ ಬಂದಳು. “ಜಿಯಾ ಅಂಕಲ್ ಶುಕ್ರವಾರ ತಂದು ನಿಲ್ಸಿದ್ರಲ್ಲ, ಅಷ್ಟೇ. ಕೀ ನನ್ ಕೈಗೆ ಕೊಟ್ಟು, ನಿಂತಿದ್ದ ಆಟೋದಲ್ಲೇ ಹೊರಟ್ಹೋದ್ರು. ಯಾಕ್ರೀ?”

ಕೊನೆಯ ಮಾತು ಅವನ ಕಿವಿಗೆ ಬೀಳಲಿಲ್ಲ. ಜಿಯಾವುಲ್ಲಾ! ಶಿವಾಜಿನಗರದ ಮೆಕ್ಯಾನಿಕ್, ಅಪ್ಪನ ಮೂವತ್ತು ವರ್ಷದ ಗೆಳೆಯ. ಅಪ್ಪ ತೀರಿಕೊಂಡ ತಿಂಗಳಲ್ಲೇ ಅವರು ಕೇಳಿದ್ದರು — ಆ ಪೈಪು ನನಗೆ ಕೊಟ್ಬಿಡು ಬೇಟಾ, ಗ್ಯಾರೇಜಲ್ಲಿ ಇಟ್ಕೋತೀನಿ. ಇವನು ಕೊಟ್ಟಿರಲಿಲ್ಲ. ಕೊಡುವ ವಸ್ತುವೇ ಅದು?

ಅಪ್ಪ ಮುನಿಶಾಮಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಈ ಹಳೆಯ ಜೆನ್ ಕಾರಿಗೆ ಹೆಚ್ಚು ಗಾಳಿ ಕುಡಿಸುವ ಹಟ ಹಿಡಿದರು. ಮೊದಲು ಮೋರಿಗೆ ಹಾಕುವ ಪಿವಿಸಿ ಪೈಪು ತಂದರು. ಎಂಜಿನ್ ಕಾವಿಗೆ ಅದು ಬಾಡಿದ ನುಗ್ಗೇಕಾಯಿಯಂತೆ ಜೋತುಬಿತ್ತು. ಆಮೇಲೆ ಗುಜರಿಯಿಂದ ಅಲ್ಯೂಮಿನಿಯಂ ಕೊಳವೆ, ಬೋರ್‌ವೆಲ್ ಪಂಪಿನ ರಬ್ಬರ್ ತುಂಡು, ಕಾವು ತಡೆಯಲು ಕಡಲೆಕಾಯಿ ಎಣ್ಣೆ ಡಬ್ಬ ಕತ್ತರಿಸಿದ ತಗಡು. ಹೆಡ್‌ಲೈಟಿನ ಪಕ್ಕದ ತಣ್ಣನೆ ಗಾಳಿಗೆ ಬಾಯಿ ಮಾಡಿ ನಿಲ್ಲಿಸಿದ ಒಂದು ಶಂಕುವಿನಾಕಾರದ ಫಿಲ್ಟರ್. ಎಷ್ಟು ಭಾನುವಾರಗಳು! “ಮೈಲೇಜ್ ಎಷ್ಟು ಜಾಸ್ತಿ ಆಯ್ತಪ್ಪಾ?” ಎಂದು ಇವನು ಛೇಡಿಸಿದರೆ, “ಮೈಲೇಜ್ ಅಲ್ಲೇ ಇದೆ. ಉಸಿರು ಜಾಸ್ತಿ ಆಗಿದೆ, ಕೇಳು” ಎನ್ನುತ್ತಿದ್ದರು.

ಅಪ್ಪ ಹೋಗಿ ಎಂಟು ತಿಂಗಳು. ಇವನು ಸಂಜೆ ಆಫೀಸಿನಿಂದ ಬರುವಾಗ ಬೇಕೆಂದೇ ಸುತ್ತುದಾರಿ ಹಿಡಿಯುತ್ತಿದ್ದ, ಆ ಉಸಿರಿನ ಜೊತೆ ಇನ್ನೊಂದು ಕಾಲು ಗಂಟೆ ಇರಬಹುದೆಂದು. ಅದನ್ನು ಯಾರಿಗೂ ಹೇಳಿರಲಿಲ್ಲ.

ಜಿಯಾವುಲ್ಲಾಗೆ ಫೋನು ಮಾಡಿದ. ಬಾಯಿಗೆ ಬಂದಂತೆ ಕೂಗಿದ. ಆ ಕಡೆಯಿಂದ ಫೋನು ಕಟ್ಟಾಯಿತು.

ಒಳಗೆ ಅಮ್ಮ ಆಂಜನಮ್ಮ ಅವರೆಕಾಳು ಹಿಸುಕುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

ಮಧ್ಯಾಹ್ನದ ಹೊತ್ತಿಗೆ, ಅವನು ಕರೆಸಿದ್ದ ಸುಕನ್ಯ ಬಂದಳು. ಕಮ್ಮನಹಳ್ಳಿಯವಳು, ಕಾಲೇಜಿನಲ್ಲಿ ಅವನಿಗಿಂತ ಎರಡು ವರ್ಷ ಮುಂದಿದ್ದವಳು. ಅಪಘಾತವಾದ ಗಾಡಿಗಳನ್ನು ಪರೀಕ್ಷಿಸಿ ವಿಮೆಯವರಿಗೆ ವರದಿ ಬರೆಯುವುದು ಅವಳ ಕೆಲಸ. ಯಾರು ಸುಳ್ಳು ಹೇಳಿದರು ಎಂದು ತಗಡಿನ ನೆಗ್ಗು ನೋಡಿ ಹೇಳುತ್ತಾಳೆಂದು ಹೆಸರಿತ್ತು.

“ನಾಳೆ ಬೆಳಿಗ್ಗೆ ಜಿಯಾವುಲ್ಲಾ ಮೇಲೆ ಸ್ಟೇಷನ್‌ನಲ್ಲಿ ಕಂಪ್ಲೇಂಟ್ ಕೊಡ್ತೀನಿ, ಸುಕನ್ಯಕ್ಕ.”

“ಕೊಡು. ಸಂಜೆವರೆಗೆ ನನಗೆ ಬಿಡು. ಕಂಪ್ಲೇಂಟ್ ಕೊಟ್ಮೇಲೆ ನಿಮ್ಮಪ್ಪನ ಬಗ್ಗೆ ಮಾತಾಡೋಕೆ ನಿನಗೆ ಅವರಂಥ ಇನ್ನೊಬ್ರು ಸಿಗಲ್ಲ, ನೆನಪಿರ್ಲಿ.”

ಅವಳು ಎಂಜಿನ್ ಮೇಲೆ ಬಗ್ಗಿದಳು. ಕ್ಲಿಪ್ಪುಗಳನ್ನು ಮುಟ್ಟಿ ನೋಡಿದಳು.

“ಬಾನೆಟ್ ಮೀಟಿಲ್ಲ. ಕೀ ಇದ್ದವ್ರೇ ತೆಗ್ದಿರೋದು. ಆದ್ರೆ ಕದಿಯೋನು ಬದಲಿ ಡಬ್ಬಿ ಹುಡುಕಿ ಕೂರ್ಸಿ ಹೋಗ್ತಾನಾ?”

“ಮೆಕ್ಯಾನಿಕ್ ಆದ್ರೆ ಹೋಗ್ತಾನೆ. ಫಿಲ್ಟರ್ ಇಲ್ದೆ ಎಂಜಿನ್ ಬಿಡೋಕೆ ಅವ್ರಿಗೆ ಮನಸ್ಸು ಬರಲ್ಲ.”

“ಸರಿ. ಮುಚ್ಚಳದ ಮೇಲೆ ಏನಿದು ಬಿಳೀದು?”

“ಬ್ಯಾಟರಿ ಉಪ್ಪು ಇರ್ಬೇಕು. ಪಕ್ಕದಲ್ಲೇ ಬ್ಯಾಟರಿ.” ಒರೆಸಲು ಕೈ ಚಾಚಿದ. ಅವಳು ತಡೆದಳು.

“ಕೀ ಎಲ್ಲಿರುತ್ತೆ?”

“ಅಡುಗೆಮನೆ ಬಾಗ್ಲ ಮೊಳೇಲಿ. ನಾನು ಗುರುವಾರ ಕಾರನ್ನ ಬ್ರೇಕ್ ನೋಡೋಕೆ ಗ್ಯಾರೇಜಲ್ಲಿ ಬಿಟ್ಟು, ಹಾಗೇ ಬಸ್ಸಲ್ಲಿ ಕೋಲಾರಕ್ಕೆ ಹೋದೆ. ನಿನ್ನೆ ಸಂಜೆ ಬಂದೆ.”

“ಕಾರು ಗ್ಯಾರೇಜಲ್ಲಿದೆ ಅಂತ ಮನೇಲಿ ಹೇಳಿದ್ಯಾ?”

“ದಾರೀಲಿ ಹಂಸಗೆ ಮೆಸೇಜ್ ಹಾಕ್ದೆ. ಅಮ್ಮಂಗೆ... ಹೇಳಿಲ್ಲ. ಬಸ್ಸಲ್ಲಿ ಕೋಲಾರಕ್ಕೆ ಹೋಗ್ತೀನಿ ಅಂತ ಮಾತ್ರ ಹೇಳಿದ್ದೆ.”

ಮಹಡಿಯಿಂದ ಬಾಡಿಗೆಯ ಕೆಂಪರಾಜ್ ಇಣುಕಿದ. ಈ ಕಾರಿನ ಸದ್ದಿನ ಮೇಲೆ ಜಗಳವಾಡಿ ಮೂರು ತಿಂಗಳಿಂದ ಮಾತು ಬಿಟ್ಟವನು. ಸುಕನ್ಯ ಕೈ ಬೀಸಿದಳು.

“ಶುಕ್ರವಾರ ಸಂಜೆ ಮನೇಲಿದ್ರಾ ಸರ್?”

“ಇದ್ದೆ ಮೇಡಂ. ಆರೂಕಾಲಿಗೆ ಮೀಟಿಂಗ್‌ನಲ್ಲಿದ್ದೆ, ಬಂತು ನೋಡಿ ಇವ್ರ ಹುಲಿ! ನಮ್ ಮ್ಯಾನೇಜರ್ರು ‘ಕೆಂಪರಾಜ್, ಮಿಕ್ಸಿ ಆಫ್ ಮಾಡ್ಸಿ’ ಅಂದ್ರು!”

“ಅಂದ್ರೆ ಪೈಪ್ ಇತ್ತು?”

“ಇತ್ತಾ ಅಂದ್ರೆ! ಕಿವಿ ಇರೋರ್ನ ಯಾರ್ನಾದ್ರೂ ಕೇಳಿ.”

ಸುಕನ್ಯ ಒಳಗೆ ಹೋದಳು. ಆಂಜನಮ್ಮನವರ ಮುಂದೆ ನೆಲದ ಮೇಲೆ ಕೂತಳು. “ಶುಕ್ರವಾರ ಕಾರು ಬಂದಾಗ ಸದ್ದು ಹೇಗಿತ್ತಮ್ಮ?”

“ಗೊತ್ತಿಲ್ಲ ಕಣಮ್ಮ. ನಾನು ಕೇಳಿಸ್ಕೊಳ್ಲಿಲ್ಲ.”

ಅವರೆಕಾಳು ಒಂದೊಂದಾಗಿ ಸಿಪ್ಪೆ ಬಿಡುತ್ತಿತ್ತು. ಸುಕನ್ಯ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ತಾನೂ ಒಂದು ಹಿಡಿ ಕಾಳು ತೆಗೆದುಕೊಂಡು ಹಿಸುಕತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಪ್ರೇಮ್‌ಕುಮಾರ್ ಹೊರಗೆ ಬಂದ.

ಸುಕನ್ಯಳ ಸ್ಕೂಟರಿನಲ್ಲಿ ಇಬ್ಬರೂ ಶಿವಾಜಿನಗರಕ್ಕೆ ಹೋದರು. ಗ್ಯಾರೇಜು ತೆರೆದಿತ್ತು. ಜಿಯಾವುಲ್ಲಾ ಕೈ ಒರೆಸಿಕೊಳ್ಳುತ್ತ ಎದ್ದುಬಂದರು. ಪ್ರೇಮ್‌ಕುಮಾರ್ ರಸ್ತೆಯಲ್ಲೇ ನಿಂತ.

“ಪೊಲೀಸ್ ಹತ್ರ ಹೋಗು ಬೇಟಾ,” ಅವರೇ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಬಂದು ಅಂಗಡಿಯೆಲ್ಲ ಹುಡುಕ್ಲಿ. ನಿಮ್ಮಪ್ಪಾಜಿ ಕೂರ್ತಿದ್ದ ಸ್ಟೂಲ್ ಸಿಗುತ್ತೆ. ಇನ್ನೇನ್ ಸಿಗುತ್ತೆ?”

“ಶುಕ್ರವಾರ ಕಾರು ನಿಲ್ಸಿದಾಗ ಅಲ್ಲಿ ಯಾರಿದ್ರು ಭಾಯ್?” ಸುಕನ್ಯ ಕೇಳಿದಳು.

ಅವರು ಯೋಚಿಸಿದರು. “ಭಾಭಿ ಗೇಟಲ್ಲಿದ್ರು. ಗೇಟ್ ಮೊದ್ಲೇ ತೆಗ್ದಿತ್ತು. ಕೈಯಲ್ಲಿ ಕಾಫಿ ಲೋಟ. ನಾನು ಇಳಿದೆ. ನನ್ ಮುಖ ನೋಡಿದ್ರು. ಲೋಟ ಕೊಡ್ದೇನೇ ತಿರುಗಿ ಒಳಗೆ ಹೋಗ್ಬಿಟ್ರು. ಏನೋ ಕೋಪ ಅಂದ್ಕೊಂಡೆ. ಕೀ ಸೊಸೆ ಕೈಗೆ ಕೊಟ್ಟು ಬಂದೆ.”

ಸುಕನ್ಯ ಮನೆಗೆ ಬಂದು ನೇರವಾಗಿ ಬಾನೆಟ್ ಎತ್ತಿದಳು. ಮೊಬೈಲ್ ಬೆಳಕು ಬಿಟ್ಟಳು.

“ಈಗ ಸರಿಯಾಗಿ ನೋಡು. ಬ್ಯಾಟರಿ ಉಪ್ಪು ಪಕ್ಕಪಕ್ಕದಲ್ಲಿ ಮೂರು ಗೆರೆ ಎಳೆಯುತ್ತಾ?”

ಪ್ರೇಮ್‌ಕುಮಾರ್ ಬಗ್ಗಿದ. ಮಾಸಿದ ಬಿಳಿಯ ಮೂರು ಗೆರೆ. ಮೂರು ಬೆರಳು.

“ವಿಭೂತಿ,” ಎಂದಳು ಸುಕನ್ಯ. “ನಿಮ್ಮನೇಲಿ ಕಾರಿಗೆ ಏನೇ ಹೊಸದಾಗಿ ಕೂರ್ಸಿದ್ರೂ ಇಟ್ಟೇ ಇಡ್ತೀರಲ್ವಾ? ಇಲ್ಲಿ ನೋಡು, ಎಂಜಿನ್ ಮೇಲೆ ಆಯುಧಪೂಜೇದು — ಅರಿಶಿನ, ಕುಂಕುಮ. ಅದು ಹಂಸ ಇಟ್ಟಿದ್ದು. ಆದ್ರೆ ಆಯುಧಪೂಜೆ ದಿನ ಈ ಡಬ್ಬಿ ಗೋಣಿಚೀಲದಲ್ಲಿತ್ತು. ಅಂದ್ರೆ ಈ ಗೆರೆ ಈಗಿಂದು. ಕಳ್ಳ ಇಡಲ್ಲ. ಜಿಯಾ ಭಾಯ್ ಇಡಲ್ಲ. ಹಂಸ ಇಟ್ಟಿದ್ರೆ ಕುಂಕುಮ ಇರ್ತಿತ್ತು. ಈ ಮನೇಲಿ ಕುಂಕುಮದ ಬಟ್ಟಲು ಮುಟ್ಟೋದು ಬಿಟ್ಟು, ವಿಭೂತಿ ಮಾತ್ರ ಇಟ್ಕೊಳ್ಳೋರು ಯಾರು, ಪ್ರೇಮ್?”

ಅವನು ಡಬ್ಬಿಯ ಕ್ಲಿಪ್ಪು ಮುಟ್ಟಿ ನೋಡಿದ. “ಅಮ್ಮಂಗೆ... ಇದೆಲ್ಲ ಬಿಚ್ಚೋದು ಹೇಗೆ ಗೊತ್ತು?”

“ನಾನು ಬಂದಾಗೆಲ್ಲ ನೋಡಿದ್ದೀನಲ್ಲ, ಅಷ್ಟು ಭಾನುವಾರ ನಿಮ್ಮಪ್ಪಂಗೆ ಟಾರ್ಚ್ ಹಿಡಿದೋರು ಯಾರು?”

ಮನೆಯಲ್ಲಿ ಯಾರೂ ಅದನ್ನು ನೆನಪಿಟ್ಟಿರಲಿಲ್ಲ. ಅವನೂ ಇಟ್ಟಿರಲಿಲ್ಲ.

“ಕಾರು ಗ್ಯಾರೇಜಲ್ಲಿದೆ ಅಂತಾನೇ ಅವ್ರಿಗೆ ಗೊತ್ತಿಲ್ಲ. ನೀನು ಊರಲ್ಲಿಲ್ಲ. ಸಂಜೆ ಆ ಸದ್ದು ತಿರುವಿನಲ್ಲಿ ಕೇಳ್ತು. ಬರ್ತಿರೋದು ಯಾರು ಅಂತ—” ಅವಳು ಅಲ್ಲಿಗೇ ನಿಲ್ಲಿಸಿದಳು.

ಆಂಜನಮ್ಮ ಬಾಗಿಲಲ್ಲಿ ನಿಂತಿದ್ದರು.

“ದಿನಾ ಅಷ್ಟೇ ಕಣಪ್ಪ,” ಎಂದರು. “ಸದ್ದು ಬಂದ್ರೆ ಕೈ ತಾನಾಗೇ ಕಾಫಿಗಿಡುತ್ತೆ. ಕಾಲು ಗೇಟಿಗೆ ಹೋಗುತ್ತೆ. ನೀನು ಇಳಿಯೋವರೆಗೂ ಅವ್ರೇ. ನೀನು ಇಳಿದ್ಮೇಲೆ... ಹೋಗ್ಲಿ, ಮಗ ಬಂದ್ನಲ್ಲ ಅಂತ ಸಮಾಧಾನ. ಆವತ್ತು ನೀನೂ ಇರ್ಲಿಲ್ಲ. ನಿಜವಾಗ್ಲೂ ಅವ್ರೇ ಬಂದ್ರು ಅಂದ್ಕೊಂಡ್ಬಿಟ್ಟೆ. ಇನ್ನು ತಡ್ಕೊಳ್ಳೋಕಾಗ್ಲಿಲ್ಲ, ಹಂಸ ಮಲಗಿದ್ಮೇಲೆ ಬಿಚ್ಚಿಟ್ಟೆ.”

“ನನಗೆ ಹೇಳ್ಬಾರ್ದಿತ್ತಾ ಅಮ್ಮ?”

“ಹೇಗ್ ಹೇಳ್ಲಿ? ಆ ಸದ್ದು ಕೇಳೋಕೆ ಅಂತಾನೇ ನೀನು ಸುತ್ತಾಕ್ಕೊಂಡ್ ಬರ್ತೀಯ. ಕೆರೆ ಏರಿ ಮೇಲಿಂದ ಬರೋದು ಕೇಳುತ್ತಲ್ಲ ನನಗೆ.”

ಅವನು ಮುಖ ತಿರುಗಿಸಿದ. ಮಹಡಿಯ ಮೇಲೆ ಕೆಂಪರಾಜ್ ಸದ್ದಿಲ್ಲದೆ ಕಿಟಕಿ ಮುಚ್ಚಿಕೊಂಡ.

ಅಮ್ಮನ ಟ್ರಂಕಿನಲ್ಲಿ, ಅಪ್ಪನ ಪಂಚೆಯೊಳಗೆ ಸುತ್ತಿಟ್ಟ ಪೈಪು ಸಿಕ್ಕಿತು. ಫಿಲ್ಟರನ್ನು ತೊಳೆದು ಒಣಗಿಸಿದ್ದರು. ಎರಡು ಕ್ಲಾಂಪುಗಳನ್ನು ದಾರದಲ್ಲಿ ಕಟ್ಟಿ ಜೊತೆಗಿಟ್ಟಿದ್ದರು.

“ಇದು ಇಲ್ಲೇ ಇರ್ಲಮ್ಮ,” ಎಂದ. “ನನಗೆ ಬೇಡ.”

“ಬೇಡ ಅಂದ್ರೆ ಜಿಯಾವುಲ್ಲಾಗೆ ಕೊಡೋಣ. ಅವರೂ ಕೇಳಿದ್ರಲ್ಲ.” ಆಂಜನಮ್ಮ ಟಾರ್ಚು ಕೈಗೆತ್ತಿಕೊಂಡರು. “ಅಲ್ಲೀವರೆಗೂ ಕಾರಲ್ಲೇ ಬರ್ಲಿ. ಹಾಕು. ಚಿಕ್ಕ ಕ್ಲಾಂಪು ಮೊದ್ಲು. ನಿಮ್ಮಪ್ಪನೂ ಯಾವಾಗ್ಲೂ ಉಲ್ಟಾನೇ ಹಾಕೋಕೆ ಹೋಗೋರು.”

ಹಂಸ ಕಾಫಿ ಫ್ಲಾಸ್ಕು ತಂದುಕೊಟ್ಟಳು. “ಆವತ್ತು ಜಿಯಾವುಲ್ಲಾಗೆ ಕಾಫೀನೂ ಕೊಡ್ದೆ ಕಳಿಸ್ಬಿಟ್ಟೆ,” ಎನ್ನುತ್ತ ಆಂಜನಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಈ ಎಂಟು ತಿಂಗಳಲ್ಲಿ ಅವರು ಕಾರು ಹತ್ತಿದ್ದು ಇದೇ ಮೊದಲು.

ಅವನು ಕೀ ತಿರುಗಿಸಿದ. ಆಕ್ಸಲರೇಟರ್ ಒತ್ತಿದ. ಉಸಿರು ಎದ್ದಿತು.

ಅಮ್ಮ ಕಣ್ಣು ಮುಚ್ಚಿ ಕೇಳಿದರು. “ಒಳಗಿಂದ ಬೇರೆ ಥರ ಇದೆ.”

“ಹೇಗಮ್ಮ?”

“ಗೇಟಲ್ಲಿ ನಿಂತ್ರೆ ಬರೋ ಹಾಗೆ ಕೇಳುತ್ತೆ. ಇಲ್ಲಿ ಹೋಗೋ ಹಾಗೆ.”

ಕಾರು ರಸ್ತೆಗಿಳಿಯಿತು. ತಿರುವಿನಲ್ಲಿ ಆಂಜನಮ್ಮ ಒಮ್ಮೆ ಹಿಂದಿರುಗಿ ನೋಡಿದರು. ಗೇಟಿನ ಬಳಿ ಯಾರೂ ನಿಂತಿರಲಿಲ್ಲ.